ತಂಗೂಸಿನ ಗಂಟು

"ಚಾಚಾ, ನಿಮ್ಮ ಗಂಟು ಬಿಚ್ಚಿತು."

ಅಂಗಡಿಯ ಮೆಟ್ಟಿಲ ಮೇಲೆ ನಿಂತು ಹಾಗೆಂದವನ ದನಿಯಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು. ಪರದೆಯ ಹಿಂದೆ ಕೂತು ಗಾಳ ಕಟ್ಟುತ್ತಿದ್ದ ಸಗೀರಾಳ ಬೆರಳುಗಳು ಅಲ್ಲಿಯೇ ನಿಂತವು.

"ನನ್ನ ಗಂಟ ಬಿಚ್ಚೂದಿಲ್ಲ," ಎಂದ ಅವಳ ತಂದೆ ಗೈಬುಸಾಬ. "ನಿಡಗುಂದಿಯಾಗ ಯಾರನ್ನರ ಕೇಳು. ನೀ ಜಗ್ಗಿದ್ದು ತಪ್ಪೈತಿ."

"ಜಗ್ಗಾಕ ಎಲ್ಲಿ ಬಿಡ್ತ್ರಿ ಅದು! ಗೆಂಡಿ ಮೀನ, ನನ್ನ ತೊಡಿಯಷ್ಟ ದಪ್ಪ ಇತ್ತು. ದಂಡಿತನಕ ಬಂತು, ನನ್ನ ಮಾರಿ ನೋಡ್ತು, ಹೊಳ್ಳಿ ಹೋತು."

"ನಿನ್ನ ಮಾರಿ ನೋಡಿ ಹೋತಂದ್ರ ಅದಕ್ಕ ನನ್ನ ಗಂಟ ಏನ ಮಾಡೀತು?"

ಕಟ್ಟೆಯ ಮೇಲೆ ಕೂತವರು ಗೊಳ್ಳೆಂದು ನಕ್ಕರು. ಬಂದವನೂ ನಕ್ಕುಬಿಟ್ಟ. ಜಗಳಕ್ಕೆ ಬಂದವನು ತನ್ನ ಮೇಲಿನ ಮಾತಿಗೆ ತಾನೇ ನಗುವುದನ್ನು ಸಗೀರಾ ಎಂದೂ ಕೇಳಿರಲಿಲ್ಲ. ಪರದೆಯ ಅಂಚನ್ನು ಬೆರಳಗಲ ಸರಿಸಿ ನೋಡಿದಳು.

ಸಿಂದಗಿ ಮೋಟಾರು ಬಸ್ಸಿನ ಡ್ರೈವರು ಜೈನುದ್ದೀನ. ಖಾಕಿ ಅಂಗಿ, ಮೊಣಕಾಲವರೆಗೆ ಒದ್ದೆಯಾದ ಪಾಯಿಜಾಮ. ದಿನಾ ಮುಂಜಾನೆ ಬಸವನ ಬಾಗೇವಾಡಿಯ ಮೇಲೆ ಹಾದು ನಿಡಗುಂದಿಗೆ ಬರುತ್ತಿದ್ದ ಆ ಮೋಟಾರು ಹೊತ್ತು ಇಳಿಯುವವರೆಗೂ ಹುಣಸೆಮರದ ಕೆಳಗೆ ನಿಲ್ಲುತ್ತಿತ್ತು. ಅಷ್ಟು ಹೊತ್ತು ಡ್ರೈವರು ಸೈಕಲ್ಲು ತುಳಿದುಕೊಂಡು ಕೃಷ್ಣೆಯ ದಂಡೆಗೆ ಹೋಗುತ್ತಾನೆಂದು ಊರಿಗೆಲ್ಲ ಗೊತ್ತಿತ್ತು.

ಅವನು ಕೈಯಲ್ಲಿದ್ದ ದಾರದ ತುದಿಯನ್ನು ಎತ್ತಿ ಹಿಡಿದ. ಸಗೀರಾ ಪರದೆಗೆ ಇನ್ನಷ್ಟು ಹತ್ತಿರ ಬಾಗಿದಳು. ತುದಿ ಹರಿದಿರಲಿಲ್ಲ. ಹಂದಿಯ ಬಾಲದಂತೆ ಸುರುಳಿ ಸುತ್ತಿಕೊಂಡಿತ್ತು. ಹರಿದ ದಾರ ಹಾಗೆ ಸುರುಳಿಯಾಗುವುದಿಲ್ಲ, ಜಾರಿದ ಗಂಟು ಮಾತ್ರ ಹಾಗಾಗುತ್ತದೆ. ತಪ್ಪು ಗಂಟಿನದೇ. ಅಂದರೆ ತನ್ನದೇ.

ಗೈಬುಸಾಬನ ಕೈ ನಡುಗಲು ಶುರುವಾಗಿ ಬಹಳ ಕಾಲವಾಗಿತ್ತು. ಮೊದಲು ಚಹಾದ ಬಸಿ ತುಳುಕಿತು, ಆಮೇಲೆ ಗಾಳದ ಕಣ್ಣಿನೊಳಗೆ ದಾರ ಹೋಗದಾಯಿತು. ಅಂದಿನಿಂದ ಸಗೀರಾಳೇ ಕಟ್ಟುತ್ತಿದ್ದಳು. ಇದು ಅಪ್ಪ, ಅವ್ವ, ಮಗಳು ಮೂವರಿಗೆ ಬಿಟ್ಟರೆ ಹೊರಗೆ ಯಾರಿಗೂ ಗೊತ್ತಿಲ್ಲ. ಗೈಬುಸಾಬನ ಗಾಳವೆಂದೇ ಮುದ್ದೇಬಿಹಾಳದಿಂದಲೂ ಜನ ಬರುತ್ತಿದ್ದರು. ಹೊರಗೆ ಕೂತ ಗೈಬುಸಾಬ ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡು ಮಾತಿನಿಂದಲೇ ಅಂಗಡಿ ನಡೆಸುತ್ತಿದ್ದ. ಬೇಸಿಗೆಯಲ್ಲಿಯೂ ಶಾಲು ತೆಗೆಯುತ್ತಿರಲಿಲ್ಲ.

ಅದಕ್ಕಾಗಿಯೇ ಸಗೀರಾ ಬಂದ ಸಂಬಂಧಗಳನ್ನೆಲ್ಲ ಒಂದಿಲ್ಲೊಂದು ನೆವ ಹೇಳಿ ಹಿಂದೆ ಕಳಿಸುತ್ತಿದ್ದಳು. ಇಂಡಿ ಊರಿನ ಹುಡುಗನ ಮೂಗು ಉದ್ದವಾಯಿತು, ತಾಳಿಕೋಟೆಯವನ ದನಿ ಸಣ್ಣದಾಯಿತು. ಅವ್ವ ಮಾಬುಬಿ ಬೈದು ಬೈದು ದಣಿದಿದ್ದಳು. ನಿಜವಾದ ಕಾರಣ ಒಂದೇ: ತಾನು ಮದುವೆಯಾಗಿ ಹೋದರೆ ಈ ಕೈಗಳೂ ಹೋಗುತ್ತವೆ. ಅಪ್ಪನ ಶಾಲಿನೊಳಗಿನ ಗುಟ್ಟು ಮರುದಿನವೇ ಬಯಲಾಗುತ್ತದೆ.

*

ತಪ್ಪಾದದ್ದು ಹೊಸ ದಾರದಿಂದ. ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ಆ ಬೇಸಿಗೆ ಸೊಲ್ಲಾಪುರದ ವ್ಯಾಪಾರಿ ಮೊದಲ ಸಲ ತಂಗೂಸು ತಂದಿದ್ದ. ಕಾಜಿನಂತೆ ತಿಳಿಯಾದ ನೈಲಾನಿನ ದಾರ, ನೀರೊಳಗೆ ಬಿಟ್ಟರೆ ಕಣ್ಣಿಗೇ ಬೀಳದು. ಬೇಸಿಗೆಯಲ್ಲಿ ಹೊಳೆ ಹಿಂದೆ ಸರಿದು ದೊಡ್ಡ ಗೆಂಡೆ ಮೀನುಗಳೆಲ್ಲ ನಡುಬಂಡೆಯಾಚೆಯ ಮಡುವಿಗೆ ಸೇರುತ್ತವೆ. ಅಲ್ಲಿಗೆ ಗಾಳ ಮುಟ್ಟಬೇಕಾದರೆ ತಲೆಯ ಮೇಲೆ ಗರಗರ ತಿರುಗಿಸಿ ದೂರ ಎಸೆಯಬೇಕು. ನೂಲಿನ ದಾರ ನೀರು ಕುಡಿದು ಭಾರವಾಗಿ ಅರ್ಧ ದಾರಿಯಲ್ಲೇ ಬೀಳುತ್ತಿತ್ತು. ತಂಗೂಸು ಹಕ್ಕಿಯಂತೆ ಹಾರುತ್ತಿತ್ತು. ಜನ ಮುಗಿಬಿದ್ದು ಕೊಂಡರು.

ಸಗೀರಾ ಅದಕ್ಕೂ ನೂಲಿನ ದಾರಕ್ಕೆ ಮಾಡುವ ಹಾಗೆಯೇ ಮಾಡಿದ್ದಳು: ಜೇನುಮೇಣ ತಿಕ್ಕಿ, ಎರಡು ಸುತ್ತು ಹಾಕಿ, ಒಣದಾಗಿಯೇ ಬಿಗಿದು. ನೂಲಿಗೆ ಮೇಣ ಹಿಡಿತ ಕೊಡುತ್ತದೆ, ತಂಗೂಸಿಗೆ ಜಾರುಬಂಡೆ ಕೊಡುತ್ತದೆ. ಸುರುಳಿಯಾದ ಆ ತುದಿಯನ್ನು ನೋಡಿದ ಕ್ಷಣದಲ್ಲೇ ಅವಳಿಗೆ ಎಲ್ಲವೂ ಹೊಳೆಯಿತು. ಎಷ್ಟೋ ಜನ ಅದೇ ಗಂಟನ್ನು ಒಯ್ದಿದ್ದಾರಲ್ಲ ಎಂದು ಹೊಟ್ಟೆಯೊಳಗೆ ಕಲ್ಲು ಬಿದ್ದಂತಾಯಿತು.

ಅಂದಿನಿಂದ ಮನೆಯೊಳಗೆ ನಿಜವಾದ ಕಲ್ಲೂ ಬೀಳತೊಡಗಿತು. ಅವ್ವನ ಖಾರ ಅರೆಯುವ ಗುಂಡನ್ನು ಚೀಲದಲ್ಲಿ ಹಾಕಿ, ತೊಲೆಗೆ ತೂಗುಹಾಕಿ, ಹೊಸ ಹೊಸ ಗಂಟು ಹಾಕಿ ಅವಳು ಪರೀಕ್ಷೆ ಮಾಡುತ್ತಿದ್ದಳು. ಗಂಟು ಜಾರಿದರೆ ಗುಂಡು ದಡಕ್ಕನೆ ನೆಲಕ್ಕೆ.

"ಮನಿ ಬೀಳೂಮಟಾ ಬಿಡೂದಿಲ್ಲೇನ ನೀ?" ಮಾಬುಬಿ ಒಲೆಯ ಮುಂದಿನಿಂದ ಕೂಗುತ್ತಿದ್ದಳು. "ನನ್ನ ಗುಂಡ ಕೊಡ ಇತ್ಲಾಗ. ಸಾರಿಗೆ ಖಾರ ನಿಮ್ಮಪ್ಪನ ಮಾತಿನಿಂದ ಹಾಕ್ಲೇನು?"

ಹೊರಗೆ ಜೈನುದ್ದೀನ ಮತ್ತೆ ಬಂದು ಕೂತಿದ್ದ. ಅವನು ಈಗ ದಿನಾ ಬರುತ್ತಿದ್ದ.

"ಚಾಚಾ, ಒಳಗ ಏನ ಬೀಳಾಕತ್ತೈತ್ರಿ?"

"ಬೆಕ್ಕು."

ದಡ್!

"ಭಾಳ ಉಂಡ ಬೆಕ್ಕ ಕಾಣಸ್ತೈತಿ," ಎಂದ ಜೈನುದ್ದೀನ, ಗಂಭೀರವಾಗಿ.

ಪರದೆಯ ಹಿಂದೆ ಸಗೀರಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೂ ನಗುವಿನ ಒಂದು ಚೂರು ಹೊರಗೆ ಸಿಡಿಯಿತು. ಹೊರಗೆ ಮಾತು ತಟ್ಟನೆ ನಿಂತಿತು. ಮೀನು ಎರೆ ಮೂಸಿದಾಗ ಗಾಳದವನು ಉಸಿರು ಹಿಡಿದು ಕೂರುವಂಥ ಮೌನ ಅದು.

ಕೊನೆಗೊಂದು ದಿನ ಗುಂಡು ಬೀಳಲಿಲ್ಲ. ದಾರವನ್ನು ಗಾಳದ ಕಣ್ಣಿನಲ್ಲಿ ದಾಟಿಸಿ, ಕಾಂಡಕ್ಕೆ ಒತ್ತೊತ್ತಾಗಿ ಸುತ್ತು ಹಾಕಿ, ತುದಿಯನ್ನು ಮತ್ತೆ ಕಣ್ಣಿನೊಳಗಿಂದ ಹಿಂದಕ್ಕೆ ತಂದು, ಮೇಣ ಮುಟ್ಟಿಸದೆ, ತುಟಿಯಲ್ಲಿ ಒದ್ದೆ ಮಾಡಿ, ಮಗುವಿನ ಕಿವಿ ಚುಚ್ಚುವಷ್ಟು ನಿಧಾನವಾಗಿ ಬಿಗಿದಿದ್ದಳು. ಗುಂಡು ತೂಗಿತು, ತೂಗುತ್ತಲೇ ಇತ್ತು. ಅವ್ವ ಬಂದು ನೋಡಿ, "ಅಂತೂ ಬೆಕ್ಕ ಸತ್ತಿತು," ಎಂದಳು.

ಜೈನುದ್ದೀನನಿಗಾಗಿ ಸಗೀರಾ ಗೊಂಚಲು ಗಾಳ ಕಟ್ಟಿದಳು. ಸಣ್ಣ ಸಣ್ಣ ಗಾಳಗಳ ಗೊಂಚಲು, ನಡುವೆ ಶೇಂಗಾ ಹಿಂಡಿ ಕಲಸಿದ ಜೋಳದ ಹಿಟ್ಟಿನ ಉಂಡೆ. ಗೆಂಡೆ ಮೀನು ಕಚ್ಚುವುದಿಲ್ಲ, ಹೀರುತ್ತದೆ. ಉಂಡೆ ಹೀರುವಾಗ ಒಂದಿಲ್ಲೊಂದು ಗಾಳ ಬಾಯೊಳಗೆ ಹೋಗುತ್ತದೆ. ದೂರ ಎಸೆದಾಗ ಉಂಡೆ ಗಾಳಿಯಲ್ಲೇ ಉದುರದಂತೆ ತೆಳು ಅರಿವೆಯಲ್ಲಿ ಕಟ್ಟುವ ಉಪಾಯವನ್ನೂ ಅಪ್ಪನ ಬಾಯಿಂದ ಹೇಳಿಸಿದಳು.

*

ಮರುದಿನ ಗೈಬುಸಾಬ ಸಂಜೆಯ ಮುಂಚಿನ ಅಸರ್ ನಮಾಜಿಗೆ ಹೋದ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಸೈಕಲ್ಲಿನ ಗಂಟೆ ಆಡಿತು.

"ಚಾಚಾ ಇಲ್ಲೇನ್ರಿ?"

ಮಾಬುಬಿ ಒಳಗಿನಿಂದ, "ಮಸೂತಿಗೆ ಹೋಗ್ಯಾರ. ಕುಂಡ್ರಪಾ," ಎಂದು ಹೇಳಿ ರೊಟ್ಟಿಯ ಕಡೆ ತಿರುಗಿದಳು. ಆದರೆ ರೊಟ್ಟಿ ಬಡಿಯುವ ಸದ್ದು ಮೆತ್ತಗಾದದ್ದು ಸಗೀರಾಳ ಗಮನಕ್ಕೆ ಬಂತು. ಅವ್ವ ಕೇಳಿಸಿಕೊಳ್ಳುತ್ತಿದ್ದಾಳೆ.

"ಮೀನ ಬಿತ್ತ್ರಿ," ಎಂದ ಜೈನುದ್ದೀನ, ಪರದೆಯತ್ತ ತಿರುಗಿ. "ಗಂಟು ಜಗ್ಗಲಿಲ್ಲ, ಜಾರಲಿಲ್ಲ. ಹಾಕಿದವರಿಗೆ ಹೇಳ್ಬೇಕಂತ ಬಂದೆ."

"ಅಬ್ಬಾ ಬಂದ ಮ್ಯಾಲೆ ಹೇಳ್ರಿ," ಎಂದಳು ಸಗೀರಾ. ದನಿ ತನಗೇ ಅಪರಿಚಿತವಾಗಿ ಕೇಳಿಸಿತು.

"ಹೇಳ್ತಿದ್ದೆ. ಆದ್ರ ಗಂಟಿನಾಗ ಒಂದು ಕೂದಲ ಸಿಕ್ಕಿತ್ರಿ. ಚಾಚಾನ ತಲಿ ನೋಡಿದ್ರ ತಾಂಬಾಣದ ಹಂಗ ಬೋಳ ಐತಿ. ಇದ ನೋಡಿದ್ರ ನನ್ನ ಮೊಳಕೈತನಕ ಬರ್ತೈತಿ."

ಸಗೀರಾಳ ಮುಖ ಕಾದ ಹಂಚಾಯಿತು. ತುಟಿಗೆ ಹಿಡಿದು ಒದ್ದೆ ಮಾಡುವಾಗ ಸಿಕ್ಕಿಕೊಂಡಿರಬೇಕು. ಒಳಗೆ ರೊಟ್ಟಿ ಬಡಿಯುವುದು ಪೂರ್ತಿ ನಿಂತಿತು.

"ಯಾರ ಮುಂದ ಹೇಳೀರಿ?" ಅವಳು ಪರದೆಯ ಹತ್ತಿರ ಸರಿದಳು.

"ಯಾರ ಮುಂದನೂ ಇಲ್ರಿ. ಚಾಚಾ ಶಾಲಿನೊಳಗಿಂದ ಕೈ ತೆಗೆಯೂದಿಲ್ಲ. ನಾ ಕೊಟ್ಟ ಬೀಡಿ ಕಿವಿಮ್ಯಾಲೆ ಇಡಸ್ಕೊಂತಾರ, ಹಚ್ಚೂದಿಲ್ಲ. ಕಡ್ಡಿ ಗೀರಾಕ ಆಗೂದಿಲ್ಲಂತ ನಂಗ ಎಂದೋ ಗೊತ್ತಾಗಿತ್ತು." ಅವನು ದನಿ ತಗ್ಗಿಸಿದ. "ಕೂದಲ ನೋಡಿದ ಮ್ಯಾಲೆ, ಹಿಂದ ಯಾರ ಕುಂತಾರ ಅನ್ನೂದು ತಿಳೀತು. ಬೆಕ್ಕಲ್ಲ ಅಂತ ಮೊದಲ ಸಂಶೇ ಇತ್ರಿ."

ಅವಳು ನಕ್ಕಳು. ಈ ಸಲ ಸೆರಗು ಅಡ್ಡ ಹಿಡಿಯಲು ಮರೆತಳು.

ಆಮೇಲೆ ನಮಾಜಿನ ಹೊತ್ತೆಂದರೆ ಮೆಟ್ಟಿಲ ಮೇಲೆ ಸೈಕಲ್ಲು ಬಂದು ನಿಲ್ಲುತ್ತಿತ್ತು. ಅವನು ದಿನಕ್ಕೊಂದು ದೂರು ತರುತ್ತಿದ್ದ: ಸೀಸದ ಗುಂಡು ಎಸೆದಾಗ ದಾರಕ್ಕೆ ಸುತ್ತಿಕೊಳ್ಳುತ್ತದೆ, ಬಂಡೆಯ ಸಂದಿಯಲ್ಲಿ ಸಿಕ್ಕಿಬೀಳುತ್ತದೆ, ಒಣ ಚೀಲದ ಮೇಲೆ ದಾರದ ಸುರುಳಿ ಹಾಕಿದರೆ ಗೋಜಲಾಗುತ್ತದೆ. ಅವಳು ಪ್ರತಿಯೊಂದಕ್ಕೂ ಪರಿಹಾರ ಹುಡುಕುತ್ತಿದ್ದಳು. ಗುಂಡಿಗೆ ಬೇರೆಯೇ ತೆಳ್ಳನೆಯ ನೂಲು ಕಟ್ಟಿದಳು. ಗುಂಡು ಸಿಕ್ಕಿಬಿದ್ದರೆ ಆ ನೂಲು ಹರಿಯಬೇಕು, ಮೀನು ಉಳಿಯಬೇಕು. ಚೀಲ ಒದ್ದೆ ಮಾಡಿರೆಂದಳು. ಅವನ ದೂರುಗಳಲ್ಲಿ ಅರ್ಧ ಸುಳ್ಳೆಂದು ಅವಳಿಗೆ ತಿಳಿಯುತ್ತಿತ್ತು. ಸುಳ್ಳಿನ ದೂರು ಬಂದ ದಿನ ಅವಳು ಉತ್ತರವನ್ನು ಬೇಕೆಂದೇ ಉದ್ದ ಮಾಡುತ್ತಿದ್ದಳು.

ಒಂದು ಸಂಜೆ ಅವನು ದೂರು ತರಲಿಲ್ಲ. "ನಮ್ಮವ್ವ ಬಾಗೇವಾಡಿಯಿಂದ ಬಂದು ಚಾಚಾನ ಕೂಡ ಮಾತಾಡ್ತಾಳಂತ. ಬರ್ಲೇನು ಅಂತ ಕೇಳಾಕತ್ಯಾಳ," ಎಂದ. ಪರದೆಯತ್ತ ನೋಡದೆ ಪೆಡಲನ್ನು ಸುಮ್ಮನೆ ಹಿಂದಕ್ಕೆ ತಿರುಗಿಸುತ್ತಿದ್ದ.

ಸಗೀರಾ ಕೈಯಲ್ಲಿದ್ದ ಗಾಳವನ್ನು ಕೆಳಗಿಟ್ಟಳು. ಬರಲಿ ಎನ್ನಬೇಕೆಂಬ ಬಯಕೆಯೇ ಮೊದಲು ಬಂದಿತ್ತು.

"ಬ್ಯಾಡ್ರಿ," ಎಂದಳು. "ನಾ ಹೋದ್ರ ಅಬ್ಬಾನ ಕೈ ಹೋಗ್ತಾವ. ಮಂದಿಗೆ ಗೊತ್ತಾದ್ರ ಅವರು ಅಂಗಡ್ಯಾಗ ಕುಂಡ್ರೂದಿಲ್ಲ. ಬೇರೆಯವರಿಗೆ ಕಲಿಸೂಣಂದ್ರ, ಕಲಿಸಿದಾಗ ಗುಟ್ಟ ಹೊರಗ ಬರ್ತೈತಿ."

ಪೆಡಲು ನಿಂತಿತು. "ಹಂಗಾದ್ರ ನಾ ಕಾಯ್ತೇನಿ," ಎಂದ. "ಗಾಳ ಹಾಕಿದವನಿಗೆ ಕಾಯೂದು ಹೊಸಾದಲ್ರಿ."

*

ಆದರೆ ಕಾಯಲು ಬಿಡದವನು ಮುಳವಾಡದ ರಾವಸಾಬ. ದೊಡ್ಡ ಹೊಲದ ಗೌಡ, ಅದಕ್ಕಿಂತ ದೊಡ್ಡ ಮೀಸೆ, ಎರಡಕ್ಕಿಂತ ದೊಡ್ಡದು ಅವನ ಮೀನಿನ ಹುಚ್ಚು. ಹಳೆಯ ಗಂಟಿನ ತಂಗೂಸು ಒಯ್ದವರಲ್ಲಿ ಅವನೂ ಒಬ್ಬ. ಅಳಿಯನ ಮುಂದೆ ಜಂಬ ಕೊಚ್ಚಿಕೊಂಡು ಎಸೆದಿದ್ದ. ಮೀನು ಬಂತು, ಗಂಟು ಜಾರಿತು, ಅಳಿಯ ನಕ್ಕ.

"ಗೈಬುಸಾಬ, ರವಿವಾರ ಹೊಳಿಗೆ ಬಾ," ಎಂದ ಅಂಗಡಿಯ ಮುಂದೆ ನಿಂತು, ಓಣಿಗೆಲ್ಲ ಕೇಳುವಂತೆ. "ಎಲ್ಲಾರ ಮುಂದ ನಿನ್ನ ಕೈಯಿಂದ ಕಟ್ಟು. ನಾ ಒಗಿತೇನಿ. ಮತ್ತ ಜಾರಿತಂದ್ರ ನಿನ್ನ ಅಂಗಡಿ ಕಡೆ ಯಾರೂ ತಲಿ ಹಾಕೂದಿಲ್ಲ, ನೋಡು."

"ಬರ್ತೇನಿ," ಎಂದುಬಿಟ್ಟ ಗೈಬುಸಾಬ. ಮಾತು ಮಾತ್ರ ಅವನ ಕೈಲಿತ್ತು, ಅದನ್ನೂ ಬಿಡಲಾಗಲಿಲ್ಲ.

ಜೈನುದ್ದೀನ ಉಪಾಯ ಹೂಡಿದ, ಸಗೀರಾ ಅದನ್ನು ತನ್ನದೆಂಬಂತೆ ಅಪ್ಪನಿಗೆ ಹೇಳಿದಳು. ಸಗೀರಾ ಮೊದಲೇ ಕಟ್ಟಿಟ್ಟ ಗಾಳ ಗೈಬುಸಾಬನ ಶಾಲಿನೊಳಗಿರಲಿ, ಕಟ್ಟಿದಂತೆ ಮಾಡಿ ಅದನ್ನೇ ಹೊರಗೆ ತೆಗೆಯಲಿ. ಸಗೀರಾಳಿಗೆ ಸಮಾಧಾನವಾಗಲಿಲ್ಲ. ಅವ್ವನ ಜೊತೆ ರೊಟ್ಟಿಯ ಗಂಟು ಹಿಡಿದುಕೊಂಡು ತಾನೂ ಹೊಳೆಗೆ ನಡೆದಳು.

ದಂಡೆಯಲ್ಲಿ ಜಾತ್ರೆಯಷ್ಟಲ್ಲದಿದ್ದರೂ ಸಂತೆಯಷ್ಟು ಮಂದಿ. ನೀರು ತಿಳಿಯಾಗಿತ್ತು, ನಡುಬಂಡೆಯ ಮೇಲೆ ಕೊಕ್ಕರೆಗಳು ಕೂತಿದ್ದವು. ರಾವಸಾಬ ತನ್ನ ಜೇಬಿನಿಂದ ಗಾಳ ತೆಗೆದ, ತನ್ನ ಚೀಲದಿಂದ ತಂಗೂಸು ತೆಗೆದ.

"ಗಾಳ ನಂದು, ದಾರ ನಂದು. ಗಂಟಷ್ಟ ನಿಂದು. ಹಾಕು."

ಉಪಾಯ ಅಲ್ಲಿಗೆ ಮುಗಿಯಿತು. ಗೈಬುಸಾಬ ಶಾಲಿನೊಳಗಿಂದ ಕೈಗಳನ್ನು ಹೊರಗೆ ತಂದ. ಗಾಳಿಗೆ ಸಿಕ್ಕ ಎಲೆಗಳಂತೆ ಅವು ಅದುರುತ್ತಿದ್ದವು. ದಾರ ಗಾಳದ ಕಣ್ಣಿನ ಆಚೆ ಹೋಯಿತು, ಈಚೆ ಬಂತು, ಒಳಗೆ ಮಾತ್ರ ಹೋಗಲಿಲ್ಲ. ಯಾರೋ ಕೆಮ್ಮಿದರು.

ಇಷ್ಟು ವರ್ಷ ಹೆದರಿದ್ದು ಇದಕ್ಕೇ. ಅದು ಬಂದೇಬಿಟ್ಟಾಗ ಸಗೀರಾಳಿಗೆ ಹೆದರಿಕೆಯಾಗಲಿಲ್ಲ. ಅಪ್ಪ ಒಬ್ಬನೇ ನಿಂತಿದ್ದಾನೆ ಎಂಬುದಷ್ಟೇ ಕಂಡಿತು. ಕಲ್ಲಿನಿಂದ ಕಲ್ಲಿಗೆ ದಾಟಿ ಅವನ ಪಕ್ಕಕ್ಕೆ ಬಂದು ಕೈ ಚಾಚಿದಳು.

"ಕೊಡ ಅಬ್ಬಾ."

"ನೀ ಯಾಕ ಬಂದಿ? ಹಿಂದ ಹೋಗು."

"ಗಂಟು ನಂದು ಅಬ್ಬಾ, ತಪ್ಪೂ ನಂದ." ಅವಳು ರಾವಸಾಬನತ್ತ ತಿರುಗಿದಳು. "ಗೌಡ್ರ, ಇವರ ಕೈ ನಡುಗಾಕತ್ತಿದ ಮ್ಯಾಲೆ ಎಲ್ಲಾ ಗಾಳ ನಾನ ಕಟ್ಟೇನ್ರಿ. ನೂಲಿನ ದಾರಕ್ಕ ಹಚ್ಚಿದಂಗ ತಂಗೂಸಿಗೂ ಮೇಣ ಹಚ್ಚಿದೆ. ಅದಕ್ಕ ಜಾರಿತು. ಈಗ ಬ್ಯಾರೆ ಗಂಟ ಕಂಡ ಹಿಡದೇನಿ. ಹಾಕ್ಲ್ಯಾ?"

ರಾವಸಾಬನ ಮೀಸೆ ಮೇಲೆ ಹೋಯಿತು, ಕೆಳಗೆ ಬಂತು. "ಹ್ವಾದ ವರ್ಷ ನಾ ಆ ದೊಡ್ಡ ಮೀನ ಹಿಡದೆನಲ್ಲ, ಊರೆಲ್ಲಾ ಉಂಡ್ರಲ್ಲ, ಆ ಗಂಟು?"

"ನಂದ್ರಿ."

"ಅದರ ಹಿಂದಿಂದು?"

"ಅದೂ ನಂದ್ರಿ."

ರಾವಸಾಬ ಬಂಡೆಯ ಮೇಲೆ ಕುಸಿದು ಕೂತ. "ಹಂಗಂದ್ರ ಇಷ್ಟ ದಿನಾ ನಾ ಗೈಬುಸಾಬನ್ನ ಸುಮ್ಮ ಹೊಗಳೇನಿ!" ಎಂದು ಗಹಗಹಿಸಿ ನಕ್ಕ. "ಕಟ್ಟವ್ವಾ ತಂಗಿ, ಕಟ್ಟು. ಬಿಸಿಲ ಏರಾಕತ್ತೈತಿ."

ಅವಳು ಸುತ್ತು ಹಾಕಿದಳು. ತುದಿ ಹಿಂದಕ್ಕೆ ತಂದಳು. ಆಮೇಲೆ ಕೈ ತಡೆಯಿತು. ಗಂಟನ್ನು ತುಟಿಗೆ ಹಿಡಿಯಬೇಕು, ಇಷ್ಟು ಗಂಡಸರ ಕಣ್ಣುಗಳು ತನ್ನ ಮುಖದ ಮೇಲೆಯೇ ಇವೆ. ಕತ್ತು ಎತ್ತಿದಳು. ಜೈನುದ್ದೀನ ಅವಳ ತುಟಿಯನ್ನೂ ಗಂಟನ್ನೂ ನೋಡಿದ, ಅರ್ಥಮಾಡಿಕೊಂಡ.

"ಅಲ್ಲಿ! ಅಲ್ಲಿ ನೋಡ್ರಿ! ಮೀನ ಹಾರಿತು!" ಎಂದು ಹೊಳೆಯತ್ತ ಕೈ ಮಾಡಿ ಕಿರುಚಿದ.

ದಂಡೆಯ ಕತ್ತುಗಳೆಲ್ಲ ಒಮ್ಮೆಲೇ ಆಚೆ ತಿರುಗಿದವು. ಅವನ ಕತ್ತೂ ತಿರುಗಿತ್ತು. ಸಗೀರಾ ಗಂಟನ್ನು ತುಟಿಗೊತ್ತಿ, ಮೆಲ್ಲಗೆ, ಬಹಳ ಮೆಲ್ಲಗೆ ಬಿಗಿದಳು.

"ಎಲ್ಲಿ ಹಾರಿತೋ ಮಾರಾಯಾ?" ಎಂದ ರಾವಸಾಬ.

"ಹೋತ್ರಿ ಗೌಡ್ರ. ನಾಚಿಕಿ ಭಾಳ ಅದಕ್ಕ."

ರಾವಸಾಬ ತಾನೇ ಎಸೆಯುತ್ತೇನೆಂದು ಎದ್ದ, ಆದರೆ ಭುಜ ಹಿಡಿದುಕೊಂಡಿತು. ಜೈನುದ್ದೀನ ತನ್ನ ಸೀಸದ ಗುಂಡನ್ನು ತೆಳ್ಳನೆಯ ನೂಲಿನಿಂದ ಕಟ್ಟಿ, ಹಿಟ್ಟಿನ ಉಂಡೆ ಸಿಕ್ಕಿಸಿ ಎಸೆದ. ಒದ್ದೆ ಚೀಲದ ಮೇಲಿನ ಸುರುಳಿ ಸರ್ರನೆ ಬಿಚ್ಚಿಕೊಂಡಿತು. ಗುಂಡು ಕೊಕ್ಕರೆಗಳನ್ನು ಎಬ್ಬಿಸಿ, ನಡುಬಂಡೆ ದಾಟಿ, ಮಡುವಿನ ಎದೆಯಲ್ಲಿ ಮುಳುಗಿತು. ಆಮೇಲೆ ಎಲ್ಲರೂ ಕಾದರು. ರೊಟ್ಟಿ ಖಾಲಿಯಾದವು. ಮಾಬುಬಿ ತಂದ ಶೇಂಗಾ ಚಟ್ನಿಯನ್ನು ರಾವಸಾಬ ಎರಡು ಸಲ ಕೇಳಿ ಹಾಕಿಸಿಕೊಂಡ.

ದಾರ ಜಗ್ಗಿದಾಗ ಜೈನುದ್ದೀನ ಅದನ್ನು ರಾವಸಾಬನ ಕೈಗೆ ಕೊಟ್ಟ. ಆಮೇಲಿನದು ಗೌಡನ ಜೀವನದ ದೊಡ್ಡ ಗದ್ದಲ. ಮೀನು ಬಂಡೆಯ ಸಂದಿಗೆ ನುಗ್ಗಿತು, ಗುಂಡಿನ ನೂಲು ಹರಿಯಿತು, ತಂಗೂಸು ಹರಿಯಲಿಲ್ಲ. ಬಂಗಾರದ ಬಣ್ಣದ ಗೆಂಡೆ ದಂಡೆಯ ಮೇಲೆ ಬಂದು ಬಿದ್ದಾಗ ಮಂದಿ ಗಂಟನ್ನು ನೋಡಲು ಮುಗಿಬಿದ್ದರು. ಅದು ಕಟ್ಟಿದ ಹಾಗೆಯೇ ಇತ್ತು.

"ನಮಗೂ ಕಲಸ್ಬೇಕವ್ವಾ ಇದನ್ನ," ಎಂದ ಅಂಬಿಗರ ಅಮಸಿದ್ದ, ಗಂಟಿನಿಂದ ಕಣ್ಣು ಕೀಳದೆ.

"ಕಲಸ್ತೇವಿ, ಬಾ," ಎಂದವನು ಗೈಬುಸಾಬ. ಅವನು ಶಾಲು ತೆಗೆದು ಬಂಡೆಯ ಮೇಲೆ ಒಗೆದಿದ್ದ. ಯಾರೋ ಕೊಟ್ಟ ಚಹಾದ ಬಸಿ ನಡುಗುವ ಕೈಯಲ್ಲೇ ಹಿಡಿದಿದ್ದ. ಅರ್ಧ ತುಳುಕಿತು, ಅರ್ಧ ಕುಡಿದ. "ಕೈ ನಡುಗಿದ್ರ ಏನಾತು, ಬಾಯಿ ಎಲ್ಲಿ ನಡುಗತೈತಿ? ನೀವು ಕಟ್ರಿ, ನಾ ಬೈತೇನಿ."

ಸಗೀರಾ ನೀರಿನಂಚಿಗೆ ಹೋಗಿ ಮುಖ ತೊಳೆದುಕೊಂಡಳು. ಎಷ್ಟೋ ಕಾಲದ ನಂತರ ಅಪ್ಪನ ಕೈಗಳು ಬಿಸಿಲು ಕಂಡಿದ್ದವು. ಹಿಂದೆ ಮರಳಿನ ಮೇಲೆ ಹೆಜ್ಜೆಯ ಸದ್ದಾಯಿತು, ತುಸು ದೂರದಲ್ಲಿ ನಿಂತಿತು.

"ಶುಕ್ರವಾರ ನಮ್ಮವ್ವನ್ನ ಕರಕೊಂಡ ಬರ್ಲೇನು?"

ಅವಳು ತಿರುಗಿದಳು. ಪರದೆಯಿಲ್ಲದೆ ಅವರಿಬ್ಬರೇ ಎದುರುಬದುರು ನಿಂತದ್ದು ಇದೇ ಮೊದಲ ಸಲ. ಅವನ ಎಡ ಹುಬ್ಬಿನ ಮೇಲೆ ಒಂದು ಸಣ್ಣ ಕಲೆ ಇರುವುದು ಬೆರಳಗಲದ ಸಂದಿಯಿಂದ ಅವಳಿಗೆ ಎಂದೂ ಕಂಡಿರಲಿಲ್ಲ. ಅವನೂ ಏನೇನೋ ಹೊಸದಾಗಿ ನೋಡುತ್ತಿದ್ದ, ನೋಡುತ್ತಿರುವುದು ತಿಳಿದು ಕಣ್ಣು ತಗ್ಗಿಸಿದ.

"ಗಾಳ ಕಟ್ಟೂದು ನಾ ಬಿಡೂದಿಲ್ರಿ," ಎಂದಳು.

"ಬಿಡು ಅಂದವ್ರು ಯಾರು? ಬಾಗೇವಾಡ್ಯಾಗ ನೀ ಕಟ್ಟು. ಮೋಟಾರದಾಗ ನಾ ತಂದು ಚಾಚಾನ ಅಂಗಡಿಗೆ ಮುಟ್ಟಸ್ತೇನಿ. ನಿಂಗ ಬರ್ಬೇಕನಿಸಿದ ದಿನಾ ನೀನೂ ಬಾ, ಮುಂದಿನ ಸೀಟ ನಿಂದ."

'ರಿ' ಎಲ್ಲೋ ಬಿದ್ದುಹೋಗಿತ್ತು. ಅವನಿಗೆ ಗೊತ್ತಾಗಿರಲಿಲ್ಲ, ಅವಳಿಗೆ ಗೊತ್ತಾಯಿತು. ಅದನ್ನು ಎತ್ತಿ ತೋರಿಸದೆ ಹಾಗೆಯೇ ಇಟ್ಟುಕೊಂಡಳು. ಹೂಂ ಎನ್ನುವುದು ಅವಳಿಗೆ ಸುಲಭವಾಗಿರಲಿಲ್ಲ. ಯಾವ ಮಾತನ್ನೂ ಎರಡು ಸಲ ತೂಗದೆ ಆಡಿದವಳಲ್ಲ. ಒದ್ದೆ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, ಹೊಳೆಯ ಕಡೆ ನೋಡುತ್ತ ಕೇಳಿದಳು.

"ನಿಮ್ಮ ಮನ್ಯಾಗ ಬೆಳಕು ಯಾವ ಕಡಿಂದ ಬರ್ತೈತ್ರಿ?"

"ಬೆಳಕಾ?" ಅವನಿಗೆ ಮೊದಲು ತಿಳಿಯಲಿಲ್ಲ. "ಮಾಳಗಿ ಮ್ಯಾಲೆ ಒಂದ ಬೆಳಕಿಂಡಿ ಐತಿ. ಯಾಕ?"

"ಅಷ್ಟ ಸಾಲೂದಿಲ್ರಿ. ತಂಗೂಸು ಕಣ್ಣಿಗೆ ಕಾಣೂದಿಲ್ಲ."

ಅವನು ಅವಳನ್ನೇ ನೋಡಿದ. ಮೆಲ್ಲಗೆ, ಬಹಳ ಮೆಲ್ಲಗೆ ಅವನ ಮುಖದಲ್ಲಿ ಅರ್ಥ ಮೂಡಿತು. ಆಮೇಲೆ ಒಂದೇ ಸಲಕ್ಕೆ ಮುಖವೆಲ್ಲ ನಗುವಾಯಿತು.

"ಮೂಡಲ ಗೋಡಿ ನಾಳೆ ಒಡಸ್ತೇನಿ!" ಎಂದ. "ಎಷ್ಟ ದೊಡ್ಡ ಕಿಟಕಿ ಬೇಕು? ಇಷ್ಟ?" ಎರಡೂ ತೋಳು ಚಾಚಿ ತೋರಿಸಿದ. "ಇನ್ನೂ ದೊಡ್ಡದ?"

"ಏ ಡ್ರೈವರಾ," ರಾವಸಾಬ ದೂರದಿಂದ ಕೂಗಿದ, "ತಪ್ಪಿಸಿಕೊಂಡ ಮೀನ ಎಷ್ಟ ದೊಡ್ಡದಿತ್ತಂತ ತೋರಸಾಕತ್ತೀಯೇನ?"

"ತಪ್ಪಿಸಿಕೊಂಡಿಲ್ರಿ ಗೌಡ್ರ," ಎಂದ ಜೈನುದ್ದೀನ, ತೋಳು ಇಳಿಸದೆಯೇ.